ಕಾಸಿಲ್ಲದ ದೆವ್ವದ ಕಸುವು

ಟೂರಿಂಗ್ ಟಾಕೀಸ್‌ಗಳಿದ್ದ ಕಾಲದಲ್ಲಿ ಎರಡನೇ ಆಟ ಮುಗಿಸಿಕೊಂಡು ಕಬ್ಬಿನ ಗದ್ದೆಯ ನಡುವಿನ ಕಾಲುದಾರಿಯಲ್ಲಿ ಊರಿಗೆ ಮರಳುತ್ತಿದ್ದವರಿಗೆ ದೆವ್ವದ ಸಿನಿಮಾದ ನಿಜವಾದ ಕ್ಲೈಮ್ಯಾಕ್ಸ್ ಎಲ್ಲಿದೆಯೆಂದು ಹೇಳಿಕೊಡಬೇಕಾಗಿರಲಿಲ್ಲ. ಅದು ಟೆಂಟಿನೊಳಗಿನ ಪರದೆಯ ಮೇಲೆ ಇರುತ್ತಿರಲಿಲ್ಲ. ಆಳೆತ್ತರದ ಕಬ್ಬು ಎರಡೂ ಕಡೆ ನಿಂತ ಕತ್ತಲ ದಾರಿಯಲ್ಲಿ, ಒಣಗಿದ ಗರಿ ಒಂದು ಸಲ ಚರಕ್ ಎಂದಾಗ ಅದು ಶುರುವಾಗುತ್ತಿತ್ತು.

‘ಮಾವ, ಏನೋ ಸದ್ದಾಯ್ತಲ್ಲ?’

‘ಹಂದಿ ಕಣ್ಲಾ, ಸುಮ್ಕೆ ನಡಿ.’

ಹಾಗೆಂದ ಮಾವನೂ ಮಾತು ಮುಗಿಸುವ ಮೊದಲೇ ಹೆಜ್ಜೆ ಜೋರು ಮಾಡಿರುತ್ತಿದ್ದ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಟೆಂಟಿನ ಮುಂದೆ ನೆಲದ ಮೇಲೆ ಕುಳಿತು ಸಿನಿಮಾ ನೋಡಿದ ತಲೆಮಾರಿಗೆ ಈ ದೃಶ್ಯ ಹೊಸದಲ್ಲ. ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಆ ಭಯಕ್ಕಾಗಿ ನಿರ್ಮಾಪಕ ಒಂದು ಕಾಸನ್ನೂ ಖರ್ಚು ಮಾಡಿರಲಿಲ್ಲ. ಕತ್ತಲು, ಒಂದು ಸದ್ದು, ನೋಡುಗನ ಕಲ್ಪನೆ, ಇಷ್ಟೇ ಬಂಡವಾಳ. ಕಡಿಮೆ ವೆಚ್ಚದ ದೆವ್ವದ ಚಿತ್ರಗಳ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ತೂಗಲು ಹೊರಟರೆ ಈ ಕಾಲುದಾರಿಯಿಂದಲೇ ಆರಂಭಿಸುವುದು ಒಳ್ಳೆಯದು.

ದೆವ್ವದ ಚಿತ್ರಗಳಲ್ಲೂ ಅಗ್ಗದ ತಯಾರಿಕೆಗೆ ಹೆಸರಾದ ಒಂದು ಜಾತಿ ಇದೆ. ಅದು ಜೋಂಬಿ ಚಿತ್ರ. ಜೋಂಬಿ ಎಂದರೆ ಎದ್ದು ನಡೆಯುವ ಹೆಣ. ಅದಕ್ಕೆ ಬುದ್ಧಿಯಿಲ್ಲ, ಮಾತಿಲ್ಲ, ನಡಿಗೆಯೊಂದೇ ಗೊತ್ತು. ಕನ್ನಡದ ಓದುಗರಿಗೆ ಇದು ಪೂರ್ತಿ ಅಪರಿಚಿತವೇನೂ ಅಲ್ಲ. ‘ಚಂದಮಾಮ’ ಓದಿ ಬೆಳೆದವರಿಗೆಲ್ಲ ಹೆಣದೊಳಗೆ ಸೇರಿಕೊಂಡ ಬೇತಾಳ ಗೊತ್ತು. ಆದರೆ ನಮ್ಮ ಬೇತಾಳ ಕಥೆ ಹೇಳಿ, ಪ್ರಶ್ನೆ ಕೇಳಿ, ರಾಜನ ಬುದ್ಧಿಯನ್ನು ಪರೀಕ್ಷಿಸುತ್ತದೆ. ಜೋಂಬಿಗೆ ಆ ಸೌಜನ್ಯವಿಲ್ಲ!

ಗಾಣ ತಿರುಗಿಸುವ ಹೆಣಗಳು

ಜೋಂಬಿಯ ಹುಟ್ಟೂರಿಗೂ ಮಂಡ್ಯಕ್ಕೂ ಒಂದು ಹೋಲಿಕೆಯಿದೆ. ಎರಡೂ ಕಬ್ಬಿನ ನಾಡು. ಕೆರಿಬಿಯನ್ ಸಮುದ್ರದ ಹೈತಿ ದೇಶ ಹಿಂದೆ ಫ್ರೆಂಚರ ವಸಾಹತು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರನ್ನು ಅಲ್ಲಿನ ಕಬ್ಬಿನ ತೋಟಗಳಲ್ಲಿ ಸಾಯುವತನಕ ದುಡಿಸುತ್ತಿದ್ದರು. ಸತ್ತಮೇಲಾದರೂ ಬಿಡುಗಡೆ ಸಿಕ್ಕೀತು ಎಂಬ ಆಸೆಯೊಂದೇ ಅವರಿಗೆ ಉಳಿದಿತ್ತು. ಸತ್ತ ಮೇಲೂ ಮಂತ್ರವಾದಿಯೊಬ್ಬ ಎಬ್ಬಿಸಿ ಮತ್ತೆ ದುಡಿಸಿಕೊಂಡರೆ? ಆ ನೆಲದ ಜೋಂಬಿಯ ಭಯ ಇದು. ಅಲ್ಲಿ ಜನ ಹೆದರುತ್ತಿದ್ದುದು ಹೆಣ ಕಚ್ಚುತ್ತದೆ ಎಂದಲ್ಲ, ತಾವೇ ಅಂಥ ಹೆಣವಾಗಿಬಿಟ್ಟೇವು ಎಂದು.

ಈ ನಂಬಿಕೆಯನ್ನು ತೆರೆಗೆ ತಂದದ್ದು 1932ರ ಅಮೆರಿಕನ್ ಚಿತ್ರ ‘ವೈಟ್ ಜೋಂಬಿ’. ವಿಕ್ಟರ್ ಹ್ಯಾಲ್ಪೆರಿನ್ ನಿರ್ದೇಶಿಸಿದ ಈ ಚಿತ್ರವನ್ನು ಪೂರ್ಣಪ್ರಮಾಣದ ಮೊದಲ ಜೋಂಬಿ ಚಿತ್ರವೆಂದು ಗುರುತಿಸುತ್ತಾರೆ. ಹನ್ನೊಂದೇ ದಿನಗಳ ಚಿತ್ರೀಕರಣ. ‘ಡ್ರಾಕುಲಾ’ದಂಥ ದೊಡ್ಡ ಚಿತ್ರಗಳಿಗೆ ಹಾಕಿದ್ದ ಸೆಟ್‌ಗಳನ್ನೇ ಎರವಲು ಪಡೆದು ಕೆಲಸ ಮುಗಿಸಿದರು. ಚಿತ್ರದ ಬಹುಪಾಲು ನಟನೆ ಇಂದು ನಗು ತರಿಸುತ್ತದೆ. ಆದರೂ ಒಂದು ದೃಶ್ಯ ಮರೆಯುವಂಥದಲ್ಲ. ಸಕ್ಕರೆ ಗಿರಣಿಯಲ್ಲಿ ಹೆಣಗಳು ಸಾಲಾಗಿ ಗಾಣ ತಿರುಗಿಸುತ್ತಿವೆ. ಒಬ್ಬ ಮುಗ್ಗರಿಸಿ ಯಂತ್ರದೊಳಗೆ ಬೀಳುತ್ತಾನೆ. ಯಾರೂ ನಿಲ್ಲುವುದಿಲ್ಲ, ತಿರುಗಿಯೂ ನೋಡುವುದಿಲ್ಲ. ಮರದ ಚಕ್ರದ ಕಿರ್ ಕಿರ್ ಸದ್ದು ಮಾತ್ರ ಮುಂದುವರಿಯುತ್ತದೆ.

ಆ ಚಿತ್ರ ಬಂದ ಮರುವರ್ಷ, 1933ರಲ್ಲಿ, ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೆ ಆಲೆಮನೆಯ ಬೆಂಕಿಯ ಮುಂದೆ ರಾತ್ರಿಯಿಡೀ ನಿದ್ದೆಗೆಟ್ಟು ದುಡಿದವರ ಕಣ್ಣು ನೋಡಿದವರಿಗೆ ಆ ದೃಶ್ಯದ ತೂಕ ಬೇರೆ ಯಾರಿಗಿಂತಲೂ ಬೇಗ ತಿಳಿದೀತು. ಅಗ್ಗದ ಚಿತ್ರವೊಂದರ ಮೊದಲ ಗಟ್ಟಿಗುಣ ಇದು. ದೆವ್ವದ ಹಿಂದೆ ಮನುಷ್ಯರ ನಿಜವಾದ ಒಂದು ಭಯ ಇರಬೇಕು. ಅದಿದ್ದರೆ ಎರವಲು ಸೆಟ್ಟೂ ನಡೆಯುತ್ತದೆ.

ಕೊರತೆಯೇ ಕಸುವಾದಾಗ

ಇಂದು ನಾವು ಕಾಣುವ, ಗುಂಪುಗುಂಪಾಗಿ ಬಂದು ಕಚ್ಚುವ ಹೆಣಗಳಿಗೆ ರೂಪ ಕೊಟ್ಟವರು ಜಾರ್ಜ್ ರೊಮೆರೊ. ಅವರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ 1968ರಲ್ಲಿ ಬಂತು. ಒಟ್ಟು ವೆಚ್ಚ ಸುಮಾರು 1.14 ಲಕ್ಷ ಡಾಲರ್; ಹಾಲಿವುಡ್ ಲೆಕ್ಕದಲ್ಲಿ ಇದು ಚಿಲ್ಲರೆ ಕಾಸು. ಬಣ್ಣದ ಚಿತ್ರಗಳ ಕಾಲದಲ್ಲಿ ಕಪ್ಪುಬಿಳುಪಿನಲ್ಲೇ ತೆಗೆದರು. ರಕ್ತಕ್ಕೆ ಚಾಕೊಲೇಟ್ ಪಾಕ ಬಳಸಿದರು. ಕಪ್ಪುಬಿಳುಪಿನಲ್ಲಿ ಗೊತ್ತಾಗುವುದಾದರೂ ಹೇಗೆ? ಪೆನ್ಸಿಲ್ವೇನಿಯಾದ ಒಂದು ತೋಟದ ಮನೆ, ಒಳಗೆ ಏಳು ಮಂದಿ, ಹೊರಗೆ ಹೆಣಗಳು.

ಇಲ್ಲಿ ಪ್ರತಿಯೊಂದು ಕೊರತೆಯೂ ಚಿತ್ರಕ್ಕೆ ಉಪಕಾರ ಮಾಡಿದೆ. ಕಪ್ಪುಬಿಳುಪು ಚಿತ್ರಕ್ಕೆ ಸುದ್ದಿಚಿತ್ರದ ಕಳೆ ಕೊಟ್ಟಿತು. ಒಂದೇ ಮನೆಯಾದ್ದರಿಂದ ಕಥೆ ಅತ್ತಿತ್ತ ಅಲೆಯಲಿಲ್ಲ. ಒಳಗಿದ್ದವರು ಒಬ್ಬರನ್ನೊಬ್ಬರು ನಂಬದೆ ಜಗಳಾಡಿ ಹಾಳಾಗುವುದೇ ಮುಖ್ಯ ಕಥೆಯಾಯಿತು. ನಾಯಕ ಕಪ್ಪು ಜನಾಂಗದವ; ರಾತ್ರಿಯಿಡೀ ಹೆಣಗಳೊಂದಿಗೆ ಹೋರಾಡಿ ಉಳಿದವನನ್ನು ಬೆಳಿಗ್ಗೆ ರಕ್ಷಣೆಗೆ ಬಂದ ಬಂದೂಕುಧಾರಿಗಳೇ ಹೆಣವೆಂದು ತಿಳಿದು ಕೊಲ್ಲುತ್ತಾರೆ. 1968ರ ಅಮೆರಿಕದಲ್ಲಿ ಆ ಅಂತ್ಯ ನೋಡಿದವರಿಗೆ ಅದು ಬರೀ ದೆವ್ವದ ಕಥೆಯಾಗಿ ಉಳಿದಿರಲಾರದು. ಇಷ್ಟು ಜಾಣತನ ತೋರಿದ ತಂಡ ಒಂದು ಕಡೆ ಎಡವಿತು. ಚಿತ್ರದ ಹೆಸರು ಬದಲಿಸುವಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಗಿ, ಚಿತ್ರ ಸಾರ್ವಜನಿಕರ ಸ್ವತ್ತಾಯಿತು. ಯಾರ್‍ಯಾರೋ ಹಂಚಿ ಹಣ ಮಾಡಿಕೊಂಡರು. ಕಡಿಮೆ ಕಾಸಿನವರು ಕಾಗದಪತ್ರದಲ್ಲಿ ಮೈಮರೆಯಬಾರದು ಎಂಬುದೂ ಒಂದು ಪಾಠವೇ.

ಇದಕ್ಕಿಂತ ಈಚಿನ ಉದಾಹರಣೆ ಜಪಾನಿನ ‘ಒನ್ ಕಟ್ ಆಫ್ ದಿ ಡೆಡ್’ (2017). ವೆಚ್ಚ ಸುಮಾರು 30 ಲಕ್ಷ ಯೆನ್. ಗಳಿಸಿದ್ದು ಅದರ ಸಾವಿರ ಪಟ್ಟು. ಮೊದಲ 37 ನಿಮಿಷ ಒಂದೇ ಓಟದಲ್ಲಿ ತೆಗೆದ ಜೋಂಬಿ ಚಿತ್ರ. ನಟರು ತಡವರಿಸುತ್ತಾರೆ, ಮಾತು ನಿಂತುಹೋಗುತ್ತದೆ, ಕ್ಯಾಮೆರಾ ನೆಲಕ್ಕೆ ಬೀಳುತ್ತದೆ. ‘ಎಂಥ ಕಳಪೆ ಚಿತ್ರ’ ಎನ್ನುವಷ್ಟರಲ್ಲಿ, ಆ ಒಂದೊಂದು ತಪ್ಪಿನ ಹಿಂದೆ ತೆರೆಮರೆಯಲ್ಲಿ ಏನು ನಡೆದಿತ್ತೆಂದು ಉಳಿದರ್ಧ ತೋರಿಸುತ್ತದೆ. ಬೈದ ಬಾಯಲ್ಲೇ ನಗು ಬರುತ್ತದೆ.

ನಮ್ಮ ಮನೆಯ ದೆವ್ವಗಳು

ಭಾರತದಲ್ಲಿ ಈ ಹಾದಿ ಹಿಡಿದವರು ರಾಮ್ಸೆ ಸಹೋದರರು. ಏಳು ಮಂದಿ ಅಣ್ಣತಮ್ಮಂದಿರು ನಿರ್ದೇಶನ, ಛಾಯಾಗ್ರಹಣ, ಧ್ವನಿ, ಸಂಕಲನಗಳನ್ನು ತಮ್ಮೊಳಗೇ ಹಂಚಿಕೊಂಡರು. ಸಮಾಧಿಯಿಂದ ಹೆಣ ಏಳುವ ‘ದೋ ಗಜ್ ಜಮೀನ್ ಕೇ ನೀಚೇ’ 1972ರಲ್ಲಿ ಬಂತು. ಒಟ್ಟು ಕುಟುಂಬ ಕೂಡಿ ಬೇಸಾಯ ಮಾಡಿದಂತೆ ಸಿನಿಮಾ ಮಾಡಿದರು! ‘ಪುರಾನಾ ಮಂದಿರ್’ (1984) ಭರ್ಜರಿಯಾಗಿ ಓಡಿತು. ಮಂಜು, ಹಳೇ ಬಂಗಲೆ, ಕಿರುಗುಟ್ಟುವ ಬಾಗಿಲುಗಳನ್ನು ಅವರು ಚೆನ್ನಾಗಿ ದುಡಿಸಿಕೊಂಡರು. ಆದರೆ ಭಯ ಗಟ್ಟಿಯಾಗುತ್ತಿರುವಾಗಲೇ ಕಥೆಗೆ ಸಂಬಂಧವಿಲ್ಲದ ಹಾಸ್ಯವನ್ನೋ ಹಾಡನ್ನೋ ತುರುಕಿ, ಕುದಿಯುವ ಪಾಕಕ್ಕೆ ತಣ್ಣೀರು ಸುರಿದಂತೆ ಮಾಡುತ್ತಿದ್ದರು. ಈ ದೋಷಕ್ಕೆ ಹಣದ ಕೊರತೆಯನ್ನು ದೂರುವಂತಿಲ್ಲ.

ಕನ್ನಡದಲ್ಲಿ ನಡೆದಾಡುವ ಹೆಣಕ್ಕಿಂತ ಮೈಮೇಲೆ ಬರುವ ದೆವ್ವಕ್ಕೇ ಬೇಡಿಕೆ ಹೆಚ್ಚು. 1979ರ ‘ನಾ ನಿನ್ನ ಬಿಡಲಾರೆ’ ನೋಡಿದವರು ಇಂದಿಗೂ ನೆನೆಯುವುದು ಯಾವುದೇ ತಂತ್ರವನ್ನಲ್ಲ, ಅನಂತನಾಗ್ ಅವರ ಕಣ್ಣನ್ನು. ದೆವ್ವ ಹಿಡಿದವನ ನೋಟ, ದನಿ, ಕೊರಳಿನ ಓಲಾಟದಲ್ಲೇ ಅವರು ಪ್ರೇಕ್ಷಕರನ್ನು ಕುರ್ಚಿಗೆ ಅಂಟಿಸಿದರು. ಉಪೇಂದ್ರ ನಿರ್ದೇಶನದ ‘ಶ್!’ (1993) ಸಿನಿಮಾ ಚಿತ್ರೀಕರಣದ ಜಾಗವನ್ನೇ ಭಯದ ತಾಣವಾಗಿಸಿತು. ಬೇರೆ ಸೆಟ್ ಹಾಕುವ ಗೋಜೇ ಉಳಿಯಲಿಲ್ಲ. ಕಾಡಿಗೆ ಚಾರಣ ಹೋದ ಆರು ಮಂದಿಯ ಕಥೆ ‘6-5=2’ (2013). ಅವರದೇ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳು ಎಂಬ ರೂಪದಲ್ಲಿ ಬಂದದ್ದರಿಂದ, ಅಲುಗಾಡುವ ಚಿತ್ರ, ಅಸ್ಪಷ್ಟ ಬೆಳಕುಗಳೆಲ್ಲ ದೋಷವಾಗದೆ ಸಾಕ್ಷ್ಯವಾದವು. ದೊಡ್ಡ ನಟರಿಲ್ಲದೆ ಗೆದ್ದು, ಮರುವರ್ಷವೇ ಹಿಂದಿಗೂ ಹೋಯಿತು.

ಲೆಕ್ಕ ತಪ್ಪಿದ ಹೆಣ

ಇಂಥ ಚಿತ್ರಗಳ ನಿಜವಾದ ದೌರ್ಬಲ್ಯ ಎಲ್ಲಿರುತ್ತದೆ? ಬಹುಮಟ್ಟಿಗೆ ಲೆಕ್ಕದಲ್ಲಿ. ಹಣದ ಲೆಕ್ಕವಲ್ಲ, ಕಥೆಯ ಲೆಕ್ಕ.

ಒಂದು ಉದಾಹರಣೆ ನೋಡಿ. ಬೆಳಿಗ್ಗೆ 6 ಗಂಟೆಗೆ ಮದ್ದೂರು ರೈಲು ನಿಲ್ದಾಣದಲ್ಲಿ, ವಡೆ ಮಾರುವವರ ನಡುವೆ, ಒಂದು ಜೋಂಬಿ ಇಳಿಯಿತೆನ್ನಿ. ಪ್ರತಿ ಜೋಂಬಿ ಗಂಟೆಗೆ ಒಬ್ಬರನ್ನು ಕಚ್ಚುತ್ತದೆ, ಕಚ್ಚಿಸಿಕೊಂಡವರೂ ಜೋಂಬಿಯಾಗುತ್ತಾರೆ. ಏಳು ಗಂಟೆಗೆ ಎರಡು, ಎಂಟಕ್ಕೆ ನಾಲ್ಕು. ಸಂಜೆ 4ಕ್ಕೆ 1,024. ರಾತ್ರಿ 2 ಗಂಟೆಗೆ ಹತ್ತು ಲಕ್ಷ ದಾಟುತ್ತದೆ. ಮಂಡ್ಯ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 18 ಲಕ್ಷ. ಕಾಗದದ ಮೇಲಿನ ಲೆಕ್ಕದಂತೆ ಮೂರು ಗಂಟೆಗೆ ಜಿಲ್ಲೆಯೇ ಮುಗಿಯಿತು. ಹೀಗಿರುವಾಗ ಮಳವಳ್ಳಿಯಲ್ಲಿ ನಾಯಕ ಮೂರನೇ ದಿನವೂ ನಾಯಕಿಯೊಂದಿಗೆ ಹಾಡುತ್ತಿದ್ದರೆ ನಂಬುವುದು ಹೇಗೆ? ಕಚ್ಚಲು ಹೊಸಬರು ಸಿಗದಂತಾದಾಗ ವೇಗ ತಗ್ಗುತ್ತದೆ ನಿಜ. ಆದರೆ ಆ ವಿವೇಚನೆಯನ್ನು ಕಥೆಗಾರ ಮಾಡಿರಬೇಕು. 2009ರಲ್ಲಿ ಕೆನಡಾದ ಗಣಿತಜ್ಞರು ಜೋಂಬಿ ಹಾವಳಿಗೆ ಸಾಂಕ್ರಾಮಿಕ ರೋಗದ ಸಮೀಕರಣಗಳನ್ನೇ ಹಚ್ಚಿ ನೋಡಿದ್ದರು. ತಡಮಾಡದೆ ಎದುರಿಸಿದರೆ ಮಾತ್ರ ಉಳಿವು ಎಂಬುದು ಅವರ ಉತ್ತರವಾಗಿತ್ತು.

ದೇಹಶಾಸ್ತ್ರದ ಮಾತೂ ಹಾಗೆಯೇ. ಸತ್ತ ಮೇಲೆ ಸ್ನಾಯುಗಳಿಗೆ ಶಕ್ತಿ ಕೊಡುವ ಎಟಿಪಿ ಎಂಬ ವಸ್ತು ತಯಾರಾಗುವುದು ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಮುಖದ ಸಣ್ಣ ಸ್ನಾಯುಗಳು ಸೆಟೆಯುತ್ತವೆ, ಸುಮಾರು 12 ಗಂಟೆಗೆ ಮೈಯೆಲ್ಲ ಮರಗಟ್ಟುತ್ತದೆ, ಮುಂದಿನ ಒಂದೆರಡು ದಿನಗಳಲ್ಲಿ ಮತ್ತೆ ಸಡಿಲವಾಗುತ್ತದೆ. ಅಂದಮೇಲೆ ಹೆಣ ನಡೆಯಲಾರದು. ಇದು ಕಥೆಗಾರನಿಗೂ ಗೊತ್ತು, ಪ್ರೇಕ್ಷಕನಿಗೂ ಗೊತ್ತು. ಒಂದು ಸುಳ್ಳನ್ನು ಕ್ಷಮಿಸಲು ಪ್ರೇಕ್ಷಕ ಸಿದ್ಧನಾಗಿಯೇ ಟಿಕೆಟ್ ಕೊಂಡಿರುತ್ತಾನೆ. ಆದರೆ ಮೊದಲರ್ಧದಲ್ಲಿ ಕುಂಟುತ್ತಿದ್ದ ಹೆಣ ಕೊನೆಯಲ್ಲಿ ಕಾರಿನ ಹಿಂದೆ ಓಡಿದರೆ, ಬೆಂಕಿಗೆ ಹೆದರುತ್ತಿದ್ದದ್ದು ಬೆಂಕಿ ದಾಟಿ ಬಂದರೆ, ಅದು ಎರಡನೇ ಸುಳ್ಳು. ಅದಕ್ಕೆ ಕ್ಷಮೆಯಿಲ್ಲ. ತಾನೇ ಹಾಕಿಕೊಂಡ ನಿಯಮವನ್ನು ಪಾಲಿಸಲು ಕಾಸು ಬೇಕಾಗಿಲ್ಲ. ಕಂಪ್ಯೂಟರಿನ ಅರೆಬೆಂದ ಬೆಂಕಿ, ಪ್ಲಾಸ್ಟಿಕ್‌ನಂತೆ ಕಾಣುವ ರಕ್ತ ಬರುವುದೂ ಹೀಗೆಯೇ. ಇಲ್ಲದ ದುಡ್ಡನ್ನು ಇದೆಯೆಂದು ತೋರಿಸಹೊರಟಾಗಲೇ ಬಡತನ ಎದ್ದು ಕಾಣುತ್ತದೆ.

ಇದ್ದದ್ದನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಮಂಡ್ಯ ಜಿಲ್ಲೆಯಲ್ಲೇ ಸಾಕ್ಷಿಯಿದೆ. ‘ತಿಥಿ’ ದೆವ್ವದ ಚಿತ್ರವಲ್ಲ. ಆದರೆ ಅದೂ ಒಂದು ಸಾವಿನಿಂದಲೇ ಶುರುವಾಗುತ್ತದೆ. ರಾಮ್ ರೆಡ್ಡಿ ನಿರ್ದೇಶಿಸಿ, ಈರೇಗೌಡ ಅವರೊಂದಿಗೆ ಬರೆದ ಈ ಚಿತ್ರವನ್ನು ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಹಿಂದೆ ಎಂದೂ ನಟಿಸದ ಹಳ್ಳಿಗರನ್ನೇ ಇಟ್ಟುಕೊಂಡು ತೆಗೆದರು. 101 ವರ್ಷದ ಸೆಂಚುರಿ ಗೌಡ ಸತ್ತ ಮೇಲೆ ಹನ್ನೊಂದು ದಿನ ಮಗ, ಮೊಮ್ಮಗ, ಮರಿಮಗ ಏನೇನು ಮಾಡಿದರೆಂಬುದೇ ಕಥೆ. 2015ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಆ ಮುಖಗಳನ್ನು, ಆ ಮಾತಿನ ವರಸೆಯನ್ನು ಯಾವ ಸ್ಟುಡಿಯೋ ದುಡ್ಡು ಕೊಟ್ಟು ಮಾಡಿಸಲಾದೀತು? ಮೊಬೈಲ್ ಫೋನಿನಲ್ಲಿ ದೆವ್ವದ ಕಿರುಚಿತ್ರ ತೆಗೆಯಲು ಹೊರಡುವ ಹುಡುಗರು ಅಮೆರಿಕದ ತೋಟದ ಮನೆಯನ್ನು ನಕಲು ಮಾಡಬೇಕಿಲ್ಲ. ಆಲೆಮನೆಯಿದೆ, ನಾಲೆಯ ಏರಿಯಿದೆ, ಕಬ್ಬಿನ ಗದ್ದೆಯಂತೂ ಇದ್ದೇ ಇದೆ.

ಆಟ ಮುಗಿದ ಮೇಲೆ

ಕೊನೆಯ ತೂಕವೊಂದು ಬಾಕಿಯಿದೆ, ಅದೇ ಎಲ್ಲಕ್ಕಿಂತ ಮುಖ್ಯವಾದದ್ದು. ಚಿತ್ರ ಮುಗಿದ ಮೇಲೆ ನೋಡಿದವರ ಜೊತೆ ಮನೆಗೆ ಏನು ಹೋಗುತ್ತದೆ?

ಕಚ್ಚಿದರೆ ಹರಡುವ, ಮಿದುಳಿಗೇರುವ, ಮನುಷ್ಯನ ನಡವಳಿಕೆಯನ್ನೇ ಕೆಡಿಸುವ ರೋಗ ಕಥೆಯಲ್ಲಿ ಮಾತ್ರ ಇಲ್ಲ. ಹುಚ್ಚುನಾಯಿ ಕಡಿತದಿಂದ ಬರುವ ರೇಬಿಸ್ ಅಂಥದ್ದೇ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ. ಆದರೆ ಕಚ್ಚಿದ ಕೂಡಲೇ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಆಸ್ಪತ್ರೆಗೆ ಹೋಗಿ ಲಸಿಕೆ ಪಡೆದರೆ ತಡೆಯಬಹುದು. ಇಂಥಲ್ಲಿ ವೈದ್ಯರನ್ನು ಪೆದ್ದರನ್ನಾಗಿ ತೋರಿಸಿ, ತಾಯತ ಕಟ್ಟುವವನ ಕೈಯಲ್ಲಿ ಎಲ್ಲವನ್ನೂ ವಾಸಿ ಮಾಡಿಸುವ ಚಿತ್ರ, ಅದೂ ‘ನಡೆದ ಘಟನೆ’ ಎಂಬ ಹಣೆಪಟ್ಟಿಯೊಂದಿಗೆ ಬಂದರೆ, ಅದರ ಬೆಲೆಯನ್ನು ತೆರುವವನು ನಿರ್ಮಾಪಕನಲ್ಲ. ನಾಯಿ, ಹಾವು, ಚೇಳು ಕಡಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದನ್ನು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯಿದೆ ಅಪರಾಧವೆಂದು ಸಾರಿದೆ. ಕಾನೂನು ಬಂದೊಡನೆ ನಂಬಿಕೆ ಬಿಟ್ಟುಹೋಗುವುದಿಲ್ಲ. ಸಿನಿಮಾ ಅದಕ್ಕೆ ಗೊಬ್ಬರ ಹಾಕದಿದ್ದರೆ ಸಾಕು.

ಹಾಗೆಂದು ದೆವ್ವದ ಚಿತ್ರಗಳೇ ಬೇಡವೆಂದಲ್ಲ. ಹೆದರುವುದರಲ್ಲೂ ಒಂದು ಸುಖವಿದೆ, ಗುಂಪಿನಲ್ಲಿ ಕೂತು ಹೆದರಿದರೆ ಇನ್ನೂ ಹೆಚ್ಚು. ಒಳ್ಳೆಯ ದೆವ್ವದ ಚಿತ್ರ ನೋಡಿದವನನ್ನು ಕತ್ತಲಲ್ಲಿ ನಡುಗಿಸಿ, ಬೆಳಿಗ್ಗೆ ನಗಿಸುತ್ತದೆ. ಕಬ್ಬಿನ ಗದ್ದೆಯ ಆ ಹುಡುಗನೂ ಮರುದಿನ ಬೆಳಕಿನಲ್ಲಿ ಅದೇ ದಾರಿಗೆ ಹೋಗಿ ನೋಡಿರುತ್ತಾನೆ. ಅಗೆದ ಮಣ್ಣು, ಅಗಿದು ಬಿಟ್ಟ ಕಬ್ಬಿನ ಜಲ್ಲೆ, ನಾಲ್ಕಾರು ಗೊರಸಿನ ಗುರುತು. ಮಾವ ಹೇಳಿದ್ದೇ ನಿಜ, ಹಂದಿ.