ಕೆರೆಗಿಳಿದ ಕಡಲ ಹಕ್ಕಿ

ನಮ್ಮ ಶಾಂತಿಗ್ರಾಮದ ಕಡೆ ಕೆರೆಗೆ ಇಳಿಯುವುದು ಕೊಕ್ಕರೆ, ನೀರುಕೋಳಿ. ವಿಮಾನವೂ ಇಳಿದೀತೆಂದರೆ ಯಾರು ನಂಬಿಯಾರು? ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆ ಆ ಸೋಜಿಗವನ್ನು ಕಂಡಿತು.

ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನೆಯ ಆಡಳಿತಕ್ಕೆ ಬಂದಿತು. ಅಲ್ಲಿಗೆ ದುರಸ್ತಿಗಾಗಿ ಬರುತ್ತಿದ್ದ ‘ಕೆಟಲಿನಾ’ ಹಾರುದೋಣಿಗಳು ಈ ಕೆರೆಯಲ್ಲಿ ಇಳಿಯುತ್ತಿದ್ದವು.

ಒಡಲು ದೋಣಿಯದು, ಅದರ ಮೇಲೆ 104 ಅಡಿಗಳ ರೆಕ್ಕೆ, ಎರಡು ಎಂಜಿನು. ವೇಗದಲ್ಲಿ ಮಂದ, ತಾಳ್ಮೆಯಲ್ಲಿ ಅಸಮಾನ. 1942ರ ಏಪ್ರಿಲ್ 4ರಂದು ಸಿಂಹಳದತ್ತ ಬರುತ್ತಿದ್ದ ಜಪಾನೀ ನೌಕಾಪಡೆಯನ್ನು ಕಂಡು ಸುದ್ದಿ ಮುಟ್ಟಿಸಿದುದು ಇಂಥದೇ ಒಂದು ಕೆಟಲಿನಾ. ವೈರಿಗಳು ಅದನ್ನು ಹೊಡೆದುರುಳಿಸಿದರು. ಸಿಂಹಳ ಮಾತ್ರ ಎಚ್ಚತ್ತುಕೊಂಡಿತ್ತು.

ಆ ಹಾರುದೋಣಿಗಳಲ್ಲಿ ಕೆಲವು ಇಂದಿಗೂ ಹಲವು ದೇಶಗಳ ವಸ್ತುಸಂಗ್ರಹಾಲಯಗಳಲ್ಲಿ ಜೋಪಾನವಾಗಿವೆ. ಅವಕ್ಕೆ ಮಡಿಲು ಕೊಟ್ಟ ಕೆರೆಯ ಗತಿ? ನಗರದ ಕೊಳಚೆ ತುಂಬಿ ನೊರೆಯುಕ್ಕಿತು. 2017ರಲ್ಲಿಯೂ 2018ರಲ್ಲಿಯೂ ಅಲ್ಲಿ ಬೆಂಕಿ ಎದ್ದಿತು. ಯಂತ್ರವನ್ನು ಇಷ್ಟು ಅಕ್ಕರೆಯಿಂದ ಕಾಪಾಡಿದ ಮನುಷ್ಯ ನೀರನ್ನು ಕಾಪಾಡಲಾರನೆ?