ಮುಳಗುಂದ: ಹರಕೆಯ ಸಕ್ಕರೆ, ಬಸದಿಯ ಕಲ್ಲು

ಗದಗಿನಿಂದ ನೈಋತ್ಯಕ್ಕೆ ಸುಮಾರು 20 ಕಿ.ಮೀ. ಹೋದರೆ ಮುಳಗುಂದ. ಇಲ್ಲಿನ ದಾವಲಮಲಿಕನೆಂಬ ಮುಸ್ಲಿಂ ಸಂತನ ಗುಡ್ಡಕ್ಕೆ ನಡೆದುಕೊಳ್ಳುವವರಲ್ಲಿ ವಿಭೂತಿ ಹಚ್ಚಿದವರೂ ಇದ್ದಾರೆ, ಕುಂಕುಮವಿಟ್ಟವರೂ ಇದ್ದಾರೆ. ಮಗುವಿಗೆ ಜ್ವರ ಬಿಡಲಿಲ್ಲ, ಎಮ್ಮೆ ಗಬ್ಬ ನಿಲ್ಲಲಿಲ್ಲ, ಮಗಳಿಗೆ ವರ ಕೂಡಿಬರಲಿಲ್ಲ ಎಂದರೆ ಹರಕೆ ಹೊತ್ತು ‘ಸಕ್ಕರಿ ಓದಸ್ತೇವಿ’ ಅನ್ನುತ್ತಾರೆ.

ಓದಿಸುವ ಕ್ರಮ ಬಹಳ ಸರಳ. ತಂದ ಸಕ್ಕರೆಯನ್ನು ಗದ್ದುಗೆಯ ಮುಂದಿಡಬೇಕು. ಲೋಬಾನದ ಹೊಗೆಯಲ್ಲಿ ಫಾತಿಹಾ ಓದಿದ ಮೇಲೆ ಒಂದು ಪಾಲು ಅಲ್ಲಿಗೆ, ಉಳಿದದ್ದು ಮನೆಗೆ. ಮನೆಯ ಜಗಲಿಯ ಮೇಲೆ ಬಸವಣ್ಣ, ಯಲ್ಲಮ್ಮರ ಮುಂದೆ ಆ ಸಕ್ಕರೆ ಇಟ್ಟು ಕೈಮುಗಿದು, ಓಣಿಯ ಮಕ್ಕಳ ಅಂಗೈಗೆ ಚಿಟಿಕೆ ಚಿಟಿಕೆ ಹಾಕುತ್ತಾರೆ. ಪಕ್ಕದ ಶಿರಹಟ್ಟಿಯಲ್ಲಿ ಫಕೀರೇಶ್ವರರ ಮಠವಿದೆ. ಈ ಸೀಮೆಯ ಲಿಂಗಾಯತ, ಕುರುಬ ಮನೆಗಳಲ್ಲಿ ಫಕೀರಪ್ಪ, ಫಕೀರವ್ವ ಎಂಬ ಹೆಸರುಗಳು ತೀರ ಸಾಮಾನ್ಯ. ಭಾಷಣದಲ್ಲಿ ಹೇಳುವ ಸೌಹಾರ್ದಕ್ಕಿಂತ ಈ ಹೆಸರುಗಳು ನನಗೆ ದೊಡ್ಡವು.

ಮಳೆ ಹಿಂದಾದಾಗ ಈ ಭಾಗದ ಊರುಗಳು ಗ್ರಾಮದೇವತೆ ದ್ಯಾಮವ್ವನ ಹೆಸರಲ್ಲಿ ‘ವಾರ ಹಿಡಿಯುತ್ತವೆ’. ಗೊತ್ತುಮಾಡಿದ ಮಂಗಳವಾರಗಳಂದು ಎತ್ತು ಹೂಡುವಂತಿಲ್ಲ. ಮಳೆ ಬಂತೋ ಬಿಟ್ಟಿತೋ, ಕೂಲಿಯವರಿಗೂ ದನಗಳಿಗೂ ಬಿಡುವು ಸಿಕ್ಕಿತು.

ಹರಕೆಯಷ್ಟೇ ಅಲ್ಲ, ಅಕ್ಷರವೂ ಇಲ್ಲಿ ಹಳೆಯದು. ರಾಷ್ಟ್ರಕೂಟ ಎರಡನೆಯ ಕೃಷ್ಣನ ಕಾಲದ, ಕ್ರಿ.ಶ. 902-03ರ ಶಾಸನ ಚೀಕಾರ್ಯನೆಂಬ ವೈಶ್ಯ ಇಲ್ಲಿ ಜಿನಾಲಯ ಕಟ್ಟಿಸಿದ್ದನ್ನೂ ಅವನ ಮಗ ಅರಸಾರ್ಯ ಅದಕ್ಕೆ ಭೂಮಿ ಬಿಟ್ಟದ್ದನ್ನೂ ಹೇಳುತ್ತದೆ. 1047ರಲ್ಲಿ ಮಲ್ಲಿಷೇಣ ತನ್ನ ಸಂಸ್ಕೃತ ಮಹಾಪುರಾಣ ಮುಗಿಸಿದ್ದು ಇಲ್ಲಿಯೇ. 1112ರಲ್ಲಿ ನಯಸೇನ ‘ಧರ್ಮಾಮೃತ’ ಬರೆದದ್ದೂ ಇಲ್ಲಿಯೇ. ಜೈನಧರ್ಮದ ವ್ರತಗಳನ್ನು ಹದಿನಾಲ್ಕು ಕಥೆಗಳಲ್ಲಿ ಹೇಳಹೊರಟ ಈ ಮುನಿ ಅನ್ಯರ ನಂಬಿಕೆಗಳನ್ನು ಕಟುವಾಗಿಯೇ ಟೀಕಿಸಿದ. ಆದರೆ ಆ ಟೀಕೆಗೂ ಅವನು ಎತ್ತಿಕೊಂಡದ್ದು ಓಣಿಯ ಮಾತನ್ನೇ: ಗಾದೆ, ಹೊಲಮನೆಯ ಹೋಲಿಕೆ, ಜನ ಹೇಳಿಕೊಳ್ಳುವ ಕಥೆ. ಒಂಬೈನೂರು ವರ್ಷದ ಹಿಂದೆ ಈ ನಾಡಿನ ಜನ ಏನನ್ನು ನಂಬುತ್ತಿದ್ದರು ಎಂದು ತಿಳಿಯಬೇಕಾದರೆ, ನಂಬದ ನಯಸೇನನನ್ನೇ ಓದಬೇಕು.

ಬಸದಿಗಳು, ಸಿದ್ಧೇಶ್ವರ ಗುಡಿ, ಬಾಲಲೀಲಾ ಮಹಾಂತ ಶಿವಯೋಗಿಗಳ ನೆನಪಿನ ಮಠ, ಇವೆಲ್ಲ ಒಂದೇ ಊರಿನವು. ನಮ್ಮ ಊರುಗಳಲ್ಲಿ ವೀರಗಲ್ಲು, ಶಾಸನದ ಕಲ್ಲುಗಳು ಉಳಿದದ್ದೂ ಬಹುಪಾಲು ಭಕ್ತಿಯಿಂದಲೇ. ದೇವರೆಂದು ಕುಂಕುಮ ಹಚ್ಚಿದ ಕಲ್ಲನ್ನು ಯಾರೂ ಪಾಯಕ್ಕೆ ಹಾಕಲಿಲ್ಲ. ಈಗಿನ ಭಯ ಬೇರೆ. ಜಾತ್ರೆ ಬಂತೆಂದರೆ ಗುಡಿಯ ಕಂಬಕ್ಕೂ ಕಲ್ಲಿಗೂ ಆಯಿಲ್ ಪೇಂಟ್ ಬಳಿಯುತ್ತಾರೆ, ಅಕ್ಷರದ ಗೆರೆಗಳು ಅದರಡಿ ಮುಚ್ಚಿಹೋಗುತ್ತವೆ. ಗುಡಿಯ ಪಂಚರಲ್ಲಿ ಒಂದು ವಿನಂತಿ: ಬಣ್ಣದ ಡಬ್ಬಿ ತೆರೆಯುವ ಮೊದಲು, ಕಲ್ಲಿನ ಮೇಲೆ ಬರಹವಿದೆಯೇ ಎಂದು ಓದಬಲ್ಲವರನ್ನು ಕರೆಸಿ ತೋರಿಸಿ.