ಹೊಗೆಗಂಟೆ: ನಿದ್ರಿಸುವ ಕುಟುಂಬದ ಕಾವಲು

ಬೆಂಕಿಯಿಲ್ಲದೆ ಸಂಸಾರ ಸಾಗದು. ಅದೇ ಬೆಂಕಿ ಒಲೆಯನ್ನು ದಾಟಿದರೆ ಸಂಸಾರವೇ ಉಳಿಯದು.

2021ರ ಸೆಪ್ಟೆಂಬರ್ 21ರಂದು ಬೆಂಗಳೂರಿನ ದಕ್ಷಿಣ ಭಾಗದ ದೇವರಚಿಕ್ಕನಹಳ್ಳಿಯಲ್ಲಿ ವಸತಿ ಕಟ್ಟಡವೊಂದಕ್ಕೆ ಬೆಂಕಿ ಹೊತ್ತಿ ಇಬ್ಬರು ಮಹಿಳೆಯರು ಮೃತಪಟ್ಟರು. ರಕ್ಷಣೆಗೆಂದು ಬಾಲ್ಕನಿಗೆ ಹಾಕಿಸಿದ್ದ ಕಬ್ಬಿಣದ ಜಾಲರಿಯೇ ಹೊರಬರುವ ದಾರಿಯನ್ನು ಮುಚ್ಚಿತ್ತು. ಹಗಲಿನಲ್ಲಿಯೇ ಹೀಗಾದರೆ, ಎಲ್ಲರೂ ಮಲಗಿರುವ ರಾತ್ರಿಯ ಗತಿಯೇನು?

ಅಗ್ನಿ ದುರಂತಗಳಲ್ಲಿ ಅನೇಕರು ಜ್ವಾಲೆಗಿಂತ ಮೊದಲು ಹೊಗೆಗೆ ಬಲಿಯಾಗುತ್ತಾರೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ. ಅದು ನಿದ್ರಿಸುವವರನ್ನು ಎಚ್ಚರಿಸುವುದಿಲ್ಲ. ಈ ಕೆಲಸವನ್ನು ಸ್ಮೋಕ್ ಅಲಾರಂ ಎಂಬ ಹೊಗೆಗಂಟೆ ಮಾಡುತ್ತದೆ. ಅಂಗೈಯಗಲದ ಈ ಸಾಧನವು ಬ್ಯಾಟರಿಯಿಂದ ನಡೆಯುವುದರಿಂದ ವಿದ್ಯುತ್ ಇಲ್ಲದಾಗಲೂ ಕೂಗುತ್ತದೆ.

ಎಲ್ಲಿ ಅಳವಡಿಸಬೇಕು?

ಹೊಗೆ ಮೇಲಕ್ಕೇರುವುದರಿಂದ, ಗಂಟೆಯನ್ನು ಮಲಗುವ ಕೋಣೆಯ ಚಾವಣಿಗೆ ಬಿಗಿಯಿರಿ. ಹೆಂಚಿನ ಮನೆಯಾದರೆ ಸೂರಿನ ನೆತ್ತಿಗಿಂತ ಸ್ವಲ್ಪ ಕೆಳಗಿರಲಿ. ಒಲೆಯಿಂದ ಕನಿಷ್ಠ 10 ಅಡಿ ದೂರವಿರಲಿ. ಇಲ್ಲವಾದರೆ ಒಗ್ಗರಣೆಗೂ ಕೂಗುತ್ತದೆ, ಬೇಸತ್ತು ನೀವೇ ಬ್ಯಾಟರಿ ತೆಗೆದಿಡುವಿರಿ.

ಪಾಲನೆ ಹೇಗೆ?

ತಿಂಗಳಿಗೊಮ್ಮೆ ಗುಂಡಿಯೊತ್ತಿ ಪರೀಕ್ಷಿಸಿ. ಧೂಳು ಮತ್ತು ಜೇಡರ ಬಲೆಯನ್ನು ಒಣಬಟ್ಟೆಯಿಂದ ಒರೆಸಿ. ಬದಲಿಸಬಹುದಾದ ಬ್ಯಾಟರಿಯನ್ನು ವರ್ಷಕ್ಕೊಮ್ಮೆ, ಯುಗಾದಿಯಂದು ಬದಲಿಸುವ ರೂಢಿ ಮಾಡಿಕೊಳ್ಳಿ. ಆಗಾಗ ಚಿಕ್ಕದಾಗಿ ಕೀಚಲು ಸದ್ದು ಬಂದರೆ ಬ್ಯಾಟರಿ ಮುಗಿಯುತ್ತಿದೆಯೆಂದು ತಿಳಿಯಿರಿ. 10 ವರ್ಷಗಳ ನಂತರ ಹೊಸ ಗಂಟೆಯನ್ನೇ ಹಾಕಿಸಿ.

ಹೊಗೆಗಂಟೆಯು ಅಡಿಗೆ ಅನಿಲದ ಸೋರಿಕೆಯನ್ನು ಗುರುತಿಸದು. ಅನಿಲದ ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ. ವಿದ್ಯುತ್ ಸ್ವಿಚ್ ಮುಟ್ಟಬೇಡಿ, ಕಡ್ಡಿ ಗೀರಬೇಡಿ. ಹೊರಗೆ ಬಂದ ಮೇಲೆ 1906ಕ್ಕೆ ಕರೆ ಮಾಡಿ.

ದಂಪತಿಗಳು ಮಾಡಬೇಕಾದ ನಿರ್ಧಾರ

ಗಂಟೆ ಕೂಗಿದಾಗ ಮಗುವನ್ನು ಎತ್ತಿಕೊಳ್ಳುವವರು ಯಾರು? ವೃದ್ಧರನ್ನು ಕರೆತರುವವರು ಯಾರು? ಇದನ್ನು ಪತಿಪತ್ನಿಯರು ಇಂದೇ ಮಾತನಾಡಿಕೊಳ್ಳಿ. ಬೀಗದ ಕೈ ಬಾಗಿಲ ಬಳಿಯೇ ಇರಲಿ. ಕಿಟಕಿಯ ಒಂದು ಸರಳುಚೌಕಟ್ಟಾದರೂ ಒಳಗಿನಿಂದ ತೆರೆಯುವಂತಿರಲಿ. ಹೊಗೆ ತುಂಬಿದ್ದರೆ ಬಗ್ಗಿ, ತೆವಳಿಕೊಂಡು ಹೊರಬನ್ನಿ. ಒಡವೆ, ಪತ್ರಗಳಿಗಾಗಿ ಹಿಂದಿರುಗಬೇಡಿ. ಹೊರಬಂದ ಕೂಡಲೇ 101 ಅಥವಾ 112ಕ್ಕೆ ತಿಳಿಸಿ.

ಸುಟ್ಟ ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಸಿ. ಶಾಯಿ, ಅರಿಸಿನ, ಹಲ್ಲುಜ್ಜುವ ಪೇಸ್ಟ್ ಹಚ್ಚಬೇಡಿ. 108ರ ಆಂಬ್ಯುಲೆನ್ಸ್ ಕರೆಯಿಸಿ.

ಸುಟ್ಟ ಮನೆಯನ್ನು ಮತ್ತೆ ಕಟ್ಟಬಹುದು. ಹೋದ ಜೀವವನ್ನು ತರಲಾಗದು. ಮುನ್ನೆಚ್ಚರಿಕೆಯೇ ಕುಟುಂಬದ ಕ್ಷೇಮ.